ಸರ್ಟಿಫಿಕೇಟ್ ಕೊಡ್ತೀವಿ, ಸಂಬಳ ಇಲ್ಲ

ಹೋದ ತಿಂಗಳು ನಮ್ಮ ಆಫೀಸಿನ ಎಚ್‌ಆರ್ ಹುಡುಗಿ ಒಂದು ಮೇಲ್ ಕಳಿಸಿದ್ದಳು. "ನಿಮ್ಮ ಟೀಮಿಗೆ ಇಬ್ಬರು ಇಂಟರ್ನ್ ತಗೋತಿದೀವಿ, ಜೆಡಿ ಒಂದ್ಸಲ ನೋಡಿ ಓಕೆ ಮಾಡಿಬಿಡಿ" ಅಂತ. ಮಧ್ಯಾಹ್ನದ ಊಟ ಮುಗಿಸಿ ಬಂದ ತೂಕಡಿಕೆಯಲ್ಲೇ ಓದುತ್ತಾ ಹೋದೆ. ಮೂರು ತಿಂಗಳು, ವಾರಕ್ಕೆ ಐದು ದಿನ, ಆಫೀಸಿಗೇ ಬರಬೇಕು. ಕೊನೆಯ ಸಾಲು: ಸ್ಟೈಪೆಂಡ್ ಇರುವುದಿಲ್ಲ, ಸರ್ಟಿಫಿಕೇಟ್ ನೀಡಲಾಗುವುದು.

ನಿದ್ದೆ ಹಾರಿಹೋಯಿತು. ಈ ಸಾಲನ್ನು ನಾನು ಹಿಂದೆ ಒಮ್ಮೆ ಓದಿದ್ದೆ. ಓದಿ, ಖುಷಿಯಿಂದ ಕೆಳಗೆ ಸಹಿಯನ್ನೂ ಹಾಕಿದ್ದೆ.

ಅದು 2017ರ ಜೂನ್. ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆ. ಬೆಂಗಳೂರಿನ ಒಂದು ಕಲಾ ಮ್ಯೂಸಿಯಂನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಮ್ಯೂಸಿಯಂ ಹೆಸರು ಬೇಡ ಬಿಡಿ. ಕಾಲೇಜಿನ ದಿನಗಳಲ್ಲಿ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಗೂ ಅರಮನೆ ರಸ್ತೆಯ ಎನ್‌ಜಿಎಂಎಗೂ ಸುಮ್ಮನೆ ಸುತ್ತುತ್ತಿದ್ದವಳು ನಾನು. ಹಾಗಾಗಿ ಇಂಟರ್ನ್ ಅಂದರೆ ಕೈಮಗ್ಗದ ಸೀರೆ ಉಟ್ಟು, ಚಿತ್ರದ ಮುಂದೆ ತಲೆ ಓರೆ ಮಾಡಿ ನಿಂತು, ಬಂದವರಿಗೆ ವಿವರಿಸುವುದು ಅಂದುಕೊಂಡಿದ್ದೆ.

ಮೊದಲ ದಿನವೇ ನನ್ನನ್ನು ನೆಲಮಾಳಿಗೆಗೆ ಕಳಿಸಿದರು.

ಯಾವ ಮ್ಯೂಸಿಯಂ ಆದರೂ ಅಷ್ಟೇ. ನಾವು ಟಿಕೆಟ್ ತಗೊಂಡು ನೋಡೋದು ಅವರ ಹತ್ತಿರ ಇರುವುದರ ಸಣ್ಣ ಭಾಗವನ್ನು ಮಾತ್ರ. ಉಳಿದದ್ದೆಲ್ಲ ಸ್ಟೋರ್‌ನಲ್ಲಿ, ಕತ್ತಲೆಯಲ್ಲಿ, ನಂಬರ್ ಹಾಕಿಸಿಕೊಂಡು ಕೂತಿರುತ್ತದೆ. ನಮ್ಮ ಕೆಲಸ ಆ ಒಂದೊಂದನ್ನೂ ಹೊರಗೆ ತೆಗೆದು, ಅಳೆದು, ಅದರ ಆರೋಗ್ಯ ವಿಚಾರಿಸಿ, ಎಕ್ಸೆಲ್‌ನಲ್ಲಿ ತುಂಬಿಸುವುದು. ಕಂಡಿಷನ್ ರಿಪೋರ್ಟ್ ಅಂತಾರೆ. ಹೆಚ್ಚೂಕಮ್ಮಿ ಆಸ್ಪತ್ರೆಯ ಕೇಸ್ ಶೀಟ್ ಇದ್ದ ಹಾಗೆ. ಬಣ್ಣ ಎಲ್ಲಿ ಸಿಪ್ಪೆ ಎದ್ದಿದೆ, ಕಾಗದದಲ್ಲಿ ಕಂದು ಚುಕ್ಕೆ ಎಷ್ಟಿದೆ, ಬೆಳ್ಳಿಮೀನು ಹುಳ ಯಾವ ಮೂಲೆ ತಿಂದಿದೆ, ಎಲ್ಲ.

ನಮ್ಮನ್ನು ನೋಡಿಕೊಳ್ಳುತ್ತಿದ್ದ ಮೇಡಂ ಮೊದಲ ದಿನ ಹೇಳಿದ್ದು ಮೂರೇ ಮಾತು. ಬ್ಯಾಗು, ನೀರಿನ ಬಾಟಲಿ ಹೊರಗೆ. ಪೆನ್ನೂ ಹೊರಗೇ, ಒಳಗೆ ಪೆನ್ಸಿಲ್ ಮಾತ್ರ, ಇಂಕು ಒಂದು ಹನಿ ಬಿದ್ದರೂ ತೆಗೆಯೋಕಾಗಲ್ಲ. ಫ್ರೇಮನ್ನು ಮೇಲಿನ ಕಟ್ಟು ಹಿಡಿದು ಎತ್ತಬಾರದು. ಒಂದು ಕೈ ಕೆಳಗೆ, ಒಂದು ಕೈ ಪಕ್ಕಕ್ಕೆ. "ಹಸುಗೂಸು ಎತ್ತಿಕೊಂಡ ಹಾಗಮ್ಮಾ" ಅಂದಿದ್ದರು. ಜಲವರ್ಣದ ಚಿತ್ರಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಅಂತಲೂ ಅಲ್ಲೇ ಕಲಿತೆ. ಈಗ ನಾನು ಕೂತಿರುವ ಆಫೀಸಿನ ಬೆಳಕು ಅದರ ಆರೇಳು ಪಟ್ಟಾದರೂ ಇದ್ದೀತು. ಬೆಳಕು ಮಾಡಿದ ಹಾನಿ ಕೂಡುತ್ತಾ ಹೋಗುತ್ತದೆ, ಆಮೇಲೆ ಕತ್ತಲೆಯಲ್ಲಿ ಎಷ್ಟು ವರ್ಷ ಇಟ್ಟರೂ ಹೋದ ಬಣ್ಣ ವಾಪಸ್ ಬರಲ್ಲ.

ನನ್ನ ಜೊತೆ ಇನ್ನೊಬ್ಬಳು ಇಂಟರ್ನ್ ಇದ್ದಳು. ಗದಗದವಳು. ಆರ್ಟ್ ಸ್ಕೂಲಿನಲ್ಲಿ ಪೇಂಟಿಂಗ್ ಓದಿದವಳು. ಸೆಕ್ಯುರಿಟಿ ಅಣ್ಣನಿಂದ ಹಿಡಿದು ಮೇಡಂವರೆಗೆ ಎಲ್ಲರೂ ಅವಳನ್ನು "ಗದಗ" ಅಂತಲೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅವಳಪ್ಪ ಬೋರ್ಡ್ ಬರೆಯುವವರು. ಕಿರಾಣಿ ಅಂಗಡಿ, ಕಟಿಂಗ್ ಶಾಪು, ಲಾರಿಯ ಹಿಂಭಾಗ, ಎಲೆಕ್ಷನ್ ಗೋಡೆ, ಏನಾದರೂ ಸರಿ. ಫ್ಲೆಕ್ಸ್ ಬಂದಮೇಲೆ ಕೆಲಸ ಹೋಯಿತು. "ಒಂದು ರಾತ್ರ್ಯಾಗ ಪ್ರಿಂಟ್ ಆಕ್ಕೈತಿ, ಮುಂಜಾನೆ ಕಟ್ಟತಾರ. ಅಪ್ಪ ಒಂದು ಬೋರ್ಡಿಗೆ ಎರಡು ದಿನ ತಗೋತಾನ. ಯಾರು ಕಾಯ್ತಾರವಾ?" ಅನ್ನುತ್ತಿದ್ದಳು.

ಎರಡನೇ ವಾರ ಒಂದು ಮೈಸೂರು ಶೈಲಿಯ ಚಿತ್ರ ನಮ್ಮ ಟೇಬಲ್ಲಿಗೆ ಬಂತು. ಮಧ್ಯದಲ್ಲಿ ದೇವರು, ಅಕ್ಕಪಕ್ಕ ಪರಿವಾರ, ಒಬ್ಬೊಬ್ಬರ ಕಾಲಬುಡದಲ್ಲೂ ಕಪ್ಪು ಬಣ್ಣದಲ್ಲಿ ಕನ್ನಡದ ಹೆಸರು. ಮೈಸೂರು ಚಿತ್ರಗಳಲ್ಲಿ ಒಡವೆ, ಕಮಾನು ಇವುಗಳಿಗೆ ಗೆಸ್ಸೊ ಹಚ್ಚಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನದರಷ್ಟು ದಪ್ಪ ಉಬ್ಬು ಇರುವುದಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. (ಬೆರಳಾಡಿಸಬಾರದು, ಅದು ಬೇರೆ ವಿಷಯ.) ನಾನು ಟೇಪ್ ಹಿಡಿದು ಉದ್ದ ಅಗಲ ಬರೆದುಕೊಳ್ಳುತ್ತಿದ್ದೆ. ಇವಳು ಅಕ್ಷರಗಳ ಮೇಲೆ ಬಗ್ಗಿದವಳು ಐದು ನಿಮಿಷ ಏಳಲೇ ಇಲ್ಲ.

"ಹೆಸರು ಬರದಾಂವ ಚಿತ್ರ ಬರದಾಂವ ಅಲ್ಲ ನೋಡವಾ."

"ಹೇಗೆ ಹೇಳ್ತೀಯಾ?"

"ತಲಕಟ್ಟು ನೋಡು. ಫ್ಲ್ಯಾಟ್ ಬ್ರಶ್ ಇಟ್ಟು ಒಂದ ಸಲಕ್ಕ ಎಳದಾನ. ನಮ್ಮಪ್ಪ ಅಂಗಡಿ ಬೋರ್ಡಿಗೆ ಹಿಂಗ ಎಳಿತಾನ. ಚಿತ್ರದ ಗೆರಿ ನೋಡು, ಕೂದಲಿನಂಗ ಐತಿ. ಅಷ್ಟು ತೆಳ್ಳಗ ಎಳಿಯೋ ಕೈ ಇಷ್ಟು ದಪ್ಪ ಅಕ್ಷರ ಯಾಕ ಬರಿತೈತಿ?"

ಟಾರ್ಚನ್ನು ಚಿತ್ರದ ಮೇಲಿಂದ ಅಲ್ಲ, ಪಕ್ಕದಿಂದ ಓರೆಯಾಗಿ ಹಿಡಿದರೆ ಮೇಲ್ಮೈಯ ಏರಿಳಿತ ಎದ್ದು ಕಾಣುತ್ತದೆ. ಹಾಗೆ ಹಿಡಿದು ನೋಡಿದೆವು. ದಪ್ಪ ಅಕ್ಷರದ ಕೆಳಗೆ ತೆಳುವಾದ ಇನ್ನೊಂದು ಅಕ್ಷರದ ಗೆರೆ ಇತ್ತು. ಒಂದಲ್ಲ, ನಾಲ್ಕು ಹೆಸರಿಗೂ. ಮೇಡಂನ ಕರೆದೆವು. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ" ಅಂದರು. ಹಳೆ ರಿಜಿಸ್ಟರಿನಲ್ಲಿ ಆ ಹೆಸರುಗಳೂ ಮೂಲ ಚಿತ್ರದಷ್ಟೇ ಹಳೆಯವು ಎಂದಿತ್ತು. ಆವತ್ತು ಕ್ಯಾಂಟೀನಿನಲ್ಲಿ ಮೇಡಂ ನಮ್ಮಿಬ್ಬರಿಗೂ ಮಸಾಲೆ ದೋಸೆ ಕೊಡಿಸಿದರು.

ಅದಾಗಿ ಹತ್ತು ದಿನಕ್ಕೆ ಗದಗ ಹೊರಟಳು.

"ಸೋಮವಾರದಿಂದ ಬರಂಗಿಲ್ಲವಾ ನಾ. ರೊಕ್ಕ ಮುಗದಾವು."

ಯಶವಂತಪುರದ ಹತ್ತಿರ ಅವಳ ಪಿಜಿಗೆ ತಿಂಗಳಿಗೆ 6,500. ಬಸ್ ಪಾಸ್ 1,050. ಮಧ್ಯಾಹ್ನದ ಊಟ ಬೇರೆ. ನನಗೋ, ರಾಜಾಜಿನಗರದಲ್ಲಿ ಮನೆ, ಅಮ್ಮ ಕಟ್ಟಿಕೊಟ್ಟ ಡಬ್ಬಿ, ಸ್ಟೇಷನ್‌ವರೆಗೆ ಅಪ್ಪನ ಸ್ಕೂಟರ್. ಇಬ್ಬರಿಗೂ ಸಿಗುತ್ತಿದ್ದದ್ದು ಒಂದೇ, ಸೊನ್ನೆ. ಆದರೆ ಅವಳ ಸೊನ್ನೆಗೆ ತಿಂಗಳಿಗೆ ಹತ್ತು ಸಾವಿರ ಖರ್ಚಿತ್ತು. ಇದು ಆಗ ನನಗೆ ಹೊಳೆದಿರಲಿಲ್ಲ. "ಮನೇಲಿ ಕೇಳು, ಇನ್ನೆರಡು ತಿಂಗಳು ತಾನೇ" ಅಂದುಬಿಟ್ಟಿದ್ದೆ. ಅವಳು ನನ್ನನ್ನೊಮ್ಮೆ ನೋಡಿ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿನ್ನುತ್ತಾ ಸುಮ್ಮನಾದಳು. ಅದು ನನ್ನ ಡಬ್ಬಿಯೇ. ಎರಡನೇ ವಾರದಿಂದ ನಾವಿಬ್ಬರೂ ಅದರಲ್ಲೇ ಊಟ ಮಾಡುತ್ತಿದ್ದೆವು. ಯಾಕೆ ಅಂತ ನಾನು ಕೇಳಿರಲಿಲ್ಲ.

ಮೇಡಂ ಹತ್ತಿರ ಮಾತಾಡಿದೆ. "ನಂದೇ ಕಾಂಟ್ರ್ಯಾಕ್ಟ್ ಕಣಮ್ಮಾ, ಪ್ರತಿ ವರ್ಷ ರಿನ್ಯೂ ಆಗ್ಬೇಕು. ಇಂಟರ್ನ್‌ಗೆ ಅಂತ ಬಜೆಟ್‌ನಲ್ಲಿ ಹೆಡ್ಡೇ ಇಲ್ಲ" ಅಂದರು. ಅವರು ಕೆಟ್ಟವರಲ್ಲ. ಅವಳ ಬಸ್ ಚಾರ್ಜಿಗೆ ಅಂತ ಪರ್ಸಿನಿಂದ ಐನೂರು ತೆಗೆದುಕೊಟ್ಟರು. ಅವಳು ತಗೊಳ್ಳಲಿಲ್ಲ.

ಮೂರು ತಿಂಗಳು ಪೂರೈಸದವರಿಗೆ ಸರ್ಟಿಫಿಕೇಟೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಸುಲಭ. ಇನ್ನು ನನ್ನ ಪಾಲು.

ಆಗಸ್ಟ್‌ನಲ್ಲಿ ರಿಪೋರ್ಟ್‌ಗಳನ್ನೆಲ್ಲ ಫೈನಲ್ ಮಾಡಿ ಸಿಸ್ಟಮ್ಮಿಗೆ ಹಾಕುವ ಕೆಲಸ ನನಗೆ ಬಂತು. ಪ್ರತಿ ದಾಖಲೆಯ ಕೊನೆಯಲ್ಲಿ ಒಂದು ಕಾಲಂ: ಪರಿಶೀಲಿಸಿದವರು. ಮೈಸೂರು ಚಿತ್ರದ ಸರದಿ ಬಂದಾಗ "ನಾಲ್ಕು ಹೆಸರುಗಳನ್ನೂ ನಂತರದ ಕಾಲದಲ್ಲಿ ಬೇರೆ ಕೈ ತಿದ್ದಿ ಬರೆದಿದೆ" ಅಂತ ಟೈಪ್ ಮಾಡಿದೆ. ಕಾಲಂನಲ್ಲಿ ನನ್ನ ಹೆಸರು ಹಾಕಿದೆ. ಆ ಕ್ಷಣ ಕೈ ನಡುಗಿತು ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ಏನೂ ಅನಿಸಲಿಲ್ಲ. ಉಳಿದ ಇನ್ನೂರು ಚಿಲ್ಲರೆ ದಾಖಲೆಗೂ ನನ್ನ ಹೆಸರೇ ಇತ್ತು, ಕಾಪಿ ಪೇಸ್ಟ್ ಆಗಿ ಬಂತು. ಅವಳು ಬಿಟ್ಟುಹೋಗಿದ್ದಳಲ್ಲ, ಅನ್ನುವುದೊಂದು ಸಮಾಧಾನ.

ಆದರೆ ಮುಂದಿನ ವರ್ಷ ಎಂ.ಎ.ಗೆ ಅರ್ಜಿ ಹಾಕುವಾಗ ಮಾಡಿದ್ದು ಕಾಪಿ ಪೇಸ್ಟ್ ಅಲ್ಲ. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಬರೆಯಬೇಕಿತ್ತು. ಮೊದಲ ಡ್ರಾಫ್ಟ್‌ನಲ್ಲಿ "ನನ್ನ ಸಹ ಇಂಟರ್ನ್ ಗಮನಿಸಿದಳು" ಅಂತಿತ್ತು. ಎರಡನೆಯದರಲ್ಲಿ "ನಾವು ಗಮನಿಸಿದೆವು" ಆಯಿತು. ಕಳಿಸಿದ್ದರಲ್ಲಿ "ನಾನು ಗಮನಿಸಿದೆ". ಇಂಟರ್‌ವ್ಯೂನಲ್ಲಿ ಪ್ರೊಫೆಸರ್ ಕೇಳಿದ್ದೇ ಅದನ್ನು. ತಲಕಟ್ಟು, ಫ್ಲ್ಯಾಟ್ ಬ್ರಶ್ಶು, ಓರೆ ಬೆಳಕು, ಎಲ್ಲ ಚೆನ್ನಾಗಿ ವಿವರಿಸಿದೆ. ಸೀಟು ಸಿಕ್ಕಿತು. ಆ ಎಂ.ಎ.ಯಿಂದ ಒಂದು ಡಿಸೈನ್ ಸಂಸ್ಥೆ, ಅಲ್ಲಿಂದ ಈಗಿನ ಕೆಲಸ. ಈಗ ಜೆಡಿಗೆ ಓಕೆ ಮಾಡುವಷ್ಟು ದೊಡ್ಡವಳಾಗಿದ್ದೇನೆ.

ವಿಚಿತ್ರ ಅಂದರೆ, ಬೆಂಗಳೂರಿನಲ್ಲಿ ಯಾರ ಹೆಸರಿನ ಗ್ಯಾಲರಿ ಇದೆಯೋ ಆ ಕೆ. ವೆಂಕಟಪ್ಪನವರೂ ಒಂದು ಕಾಲಕ್ಕೆ ವಿದ್ಯಾರ್ಥಿಯೇ. ಚಿತ್ರಗಾರರ ಮನೆತನದ ಹುಡುಗ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ, ಅವನೀಂದ್ರನಾಥ ಠಾಕೂರರ ಹತ್ತಿರ ಓದಲು ಕಳಿಸಿದರು. ಖರ್ಚು ಅರಮನೆಯದು. ಕಣ್ಣು, ಕೈ ಇದ್ದವನಿಗೆ ಊಟ, ವಸತಿ ಬೇರೆಯವರು ನೋಡಿಕೊಂಡಿದ್ದಕ್ಕೆ ಇವತ್ತು ನಾವು ಅವರ ಊಟಿ, ಕೊಡೈಕೆನಾಲ್‌ನ ಜಲವರ್ಣಗಳ ಮುಂದೆ ನಿಲ್ಲುತ್ತೇವೆ. "ಎಕ್ಸ್‌ಪೋಷರ್ ಸಿಗುತ್ತೆ, ಬಂದು ಹೋಗು" ಅಂದಿದ್ದರೆ ಏನಾಗುತ್ತಿತ್ತೋ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಅಮೆರಿಕದ ಕಲಾ ಮ್ಯೂಸಿಯಂ ನಿರ್ದೇಶಕರ ಸಂಘ 2019ರಲ್ಲಿ ನಿರ್ಣಯ ಮಾಡಿ, ಇಂಟರ್ನ್‌ಗಳಿಗೆ ಹಣ ಕೊಡಿ ಅಂತ ತನ್ನ ಸದಸ್ಯರಿಗೆ ಹೇಳಬೇಕಾಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಂಥ ಮ್ಯೂಸಿಯಮ್ಮೇ ತನ್ನೆಲ್ಲ ಇಂಟರ್ನ್‌ಗಳಿಗೂ ಹಣ ಕೊಡುವುದಾಗಿ ಹೇಳಿದ್ದು 2020ರಲ್ಲಿ, ಅದೂ ಒಬ್ಬರು ದಾನಿ 50 ಲಕ್ಷ ಡಾಲರ್ ಕೊಟ್ಟ ಮೇಲೆ. ಅವರ ವಾದ ಸರಳ. ಪುಕ್ಕಟೆ ದುಡಿಯಲು ಅನುಕೂಲ ಇರುವವರೇ ಇಂಟರ್ನ್ ಆದರೆ, ನಾಳೆ ಕ್ಯುರೇಟರ್ ಆಗುವವರೂ ಅವರೇ. ಗೋಡೆಯ ಮೇಲೆ ಏನು ತೂಗಬೇಕು, ಅದರ ಕೆಳಗಿನ ಚೀಟಿಯಲ್ಲಿ ಏನು ಬರೆಯಬೇಕು ಅಂತ ತೀರ್ಮಾನಿಸುವವರೂ ಅವರೇ. ನಾನು ಇದಕ್ಕೊಂದು ಸೇರಿಸಬಲ್ಲೆ. ಬೋರ್ಡ್ ಬರೆಯುವವರ ಮಗಳು ಆ ಕೋಣೆಯಲ್ಲಿ ಇದ್ದದ್ದಕ್ಕೇ ಆ ತಲಕಟ್ಟು ಕಂಡಿತು. ನಾನೊಬ್ಬಳೇ ಇದ್ದಿದ್ದರೆ ಉದ್ದ ಅಗಲ ಬರೆದು ಮುಚ್ಚಿಡುತ್ತಿದ್ದೆ.

ಎಚ್‌ಆರ್ ಮೇಲ್‌ಗೆ ಉತ್ತರಿಸುವ ಮೊದಲು ಎರಡು ಕೆಲಸ ಮಾಡಿದೆ. ಒಂದು, ಮ್ಯೂಸಿಯಂಗೆ ಬರೆದೆ. ಇಂಥ ನಂಬರಿನ ಚಿತ್ರದ ದಾಖಲೆಯಲ್ಲಿ ಪರಿಶೀಲಿಸಿದವರು ಅಂತ ನನ್ನ ಹೆಸರಿದೆ, ಕಂಡುಹಿಡಿದದ್ದು ನಾನಲ್ಲ, ಇಂಥವಳು, ತಿದ್ದಿ ಅಂತ. ಎರಡನೆಯದು, ಗದಗಕ್ಕೆ ಫೋನು. ಅವಳೀಗ ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ವರ್ಷಕ್ಕೊಮ್ಮೆ ಹಬ್ಬಕ್ಕೆ ವಾಟ್ಸಾಪ್ ಮಾಡುವಷ್ಟು ಸ್ನೇಹ ಉಳಿದಿತ್ತು. ಎಲ್ಲ ಹೇಳಿದೆ, ಸ್ಟೇಟ್‌ಮೆಂಟ್‌ನ ಮೂರು ಡ್ರಾಫ್ಟ್ ಸಮೇತ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಮಕ್ಕಳ ಗದ್ದಲ ಮಾತ್ರ ಕೇಳುತ್ತಿತ್ತು.

"ಇಷ್ಟ್ ವರ್ಷ ಯಾಕ ಹೇಳಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಹೋಗ್ಲಿ ಬಿಡು" ಅಂತ ಅವಳು ಹೇಳಲಿಲ್ಲ. ಹೇಳಬಹುದು ಅಂತ ನಾನು ಕಾದಿದ್ದೆ. ಅವಳು ಕೇಳಿದ್ದು ಬೇರೆ. "ಆ ಚಿತ್ರದ ಫೋಟೊ ಐತೇನು ನಿನ್ನ ಹತ್ರ? ಅಪ್ಪಗ ತೋರಸ್ಬೇಕು."

ಎಚ್‌ಆರ್ ಹುಡುಗಿ ಮೊದಲು "ಎಲ್ಲ ಕಂಪನಿಯಲ್ಲೂ ಹೀಗೇನೇ, ಲರ್ನಿಂಗ್ ಸಿಗುತ್ತಲ್ಲ" ಅಂದಳು. ಒಂದು ವಾರ ಜಗ್ಗಾಡಿದ ಮೇಲೆ ಟೀಮ್ ಔಟಿಂಗ್‌ನ ದುಡ್ಡು ಬಿಟ್ಟುಕೊಟ್ಟು, ತಿಂಗಳಿಗೆ ತಲಾ 15,000 ಅಂತ ಒಪ್ಪಿಸಿದೆ. ಈ ವರ್ಷ ನಮ್ಮ ಟೀಮು ರೆಸಾರ್ಟಿಗೆ ಹೋಗುತ್ತಿಲ್ಲ. ಹುಡುಗರಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ.

ಮ್ಯೂಸಿಯಂನಿಂದ ಮೊನ್ನೆ ಉತ್ತರ ಬಂತು. ಹಳೆಯ ದಾಖಲೆಯನ್ನು ಅಳಿಸುವ ಪದ್ಧತಿ ಇಲ್ಲವಂತೆ. ನನ್ನ ಹೆಸರು ಹಾಗೇ ಇರುತ್ತದೆ, ಕೆಳಗೆ ಹೊಸ ಸಾಲು ಸೇರಿಸಿದ್ದಾರೆ, ಇವತ್ತಿನ ತಾರೀಖಿನೊಂದಿಗೆ. ಅದೇ ಸರಿ ಅನ್ನಿಸಿತು. ಸ್ಕ್ರೀನ್‌ಶಾಟ್ ತೆಗೆದು ಗದಗಕ್ಕೆ ಕಳಿಸಿದೆ. ನೀಲಿ ಟಿಕ್ ಬಂತು. ಹತ್ತು ನಿಮಿಷ ಬಿಟ್ಟು ವಾಯ್ಸ್ ಮೆಸೇಜ್ ಬಂತು.

"ಅಡ್ಡಹೆಸರಿನಾಗ ಒಂದು ಒತ್ತಕ್ಷರ ತಪ್ಪೈತಿ ನೋಡವಾ. ತಿದ್ದಿ ಕಳಸಾಕ ಹೇಳು."

ಮ್ಯೂಸಿಯಂಗೆ ಇನ್ನೊಂದು ಮೇಲ್ ಬರೆಯುವುದಿದೆ.