ಸನ್ನಾಹವೂ ಸತ್ಯವೂ

ಯುದ್ಧದ ಇತಿಹಾಸವನ್ನು ಓದುವವರು ಸಾಮಾನ್ಯವಾಗಿ ಮೊದಲ ಗುಂಡು ಹಾರಿದ ದಿನದಿಂದ ಓದತೊಡಗುತ್ತಾರೆ. ನೀತಿಯನ್ನು ವಿಚಾರಿಸುವವನಿಗಾದರೋ ಅದಕ್ಕೂ ಹಿಂದಿನ ದಿನಗಳೇ ಮುಖ್ಯ. ಶಾಲೆಯಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದ ಕಾಲದಿಂದಲೂ ನನ್ನ ಮನಸ್ಸನ್ನು ಕಾಡುತ್ತ ಬಂದಿರುವುದು 1967ರ ಮೇ ತಿಂಗಳ ಮಧ್ಯದಿಂದ ಜೂನ್ ಆರಂಭದವರೆಗಿನ ಮೂರು ವಾರಗಳು. ಆಗ ಅರಬ್ ರಾಷ್ಟ್ರಗಳು ಒಂದರ ಹಿಂದೊಂದು ಯುದ್ಧಸನ್ನದ್ಧವಾದವು. ಪ್ರತಿಯೊಂದು ರಾಷ್ಟ್ರವೂ ತನ್ನದು ಆತ್ಮರಕ್ಷಣೆಯೆಂದೇ ಹೇಳಿತು.

ಸಿರಿಯಾ ಮತ್ತು ಇಸ್ರೇಲ್‌ಗಳ ಗಡಿಯಲ್ಲಿ ವೈಷಮ್ಯವು ಮೊದಲೇ ಹೊಗೆಯಾಡುತ್ತಿತ್ತು. ಏಪ್ರಿಲ್ 7ರಂದು ಇಸ್ರೇಲ್ ಸಿರಿಯಾದ ಆರು ಮಿಗ್ ವಿಮಾನಗಳನ್ನು ಹೊಡೆದುರುಳಿಸಿತ್ತು. ಇಸ್ರೇಲಿನ ಸೇನೆಯು ಸಿರಿಯಾದ ಗಡಿಯಲ್ಲಿ ಜಮಾಯಿಸುತ್ತಿದೆಯೆಂದು ಮೇ 13ರಂದು ಸೋವಿಯತ್ ಒಕ್ಕೂಟವು ಈಜಿಪ್ಟಿಗೆ ತಿಳಿಸಿತು. ಹಿಂದಿನ ನವೆಂಬರಿನಲ್ಲಷ್ಟೇ ಸಿರಿಯಾದೊಡನೆ ರಕ್ಷಣಾ ಒಪ್ಪಂದ ಮಾಡಿಕೊಂಡಿದ್ದ ಅಧ್ಯಕ್ಷ ನಾಸೆರ್, ಮರುದಿನವೇ ಸಿನಾಯ್ ಮರುಭೂಮಿಯತ್ತ ಸೈನ್ಯವನ್ನು ನಡೆಸಿದರು. ಅದೇ ದಿನ ಸೇನಾ ಮುಖ್ಯಸ್ಥ ಫೌಜಿಯವರನ್ನು ಸ್ಥಿತಿಯನ್ನು ಅರಿತು ಬರಲು ಸಿರಿಯಾಕ್ಕೆ ಕಳುಹಿಸಿದರು. ಅಂತಹ ಜಮಾವಣೆಯ ಕುರುಹು ಫೌಜಿಯವರಿಗೆ ಕಾಣಲಿಲ್ಲ. ಅವರು ಹಿಂದಿರುಗಿದರು, ಸೈನ್ಯವು ಹಿಂದಿರುಗಲಿಲ್ಲ.

ಈ ಭಾಗವನ್ನು ವಿವರಿಸುತ್ತಿದ್ದಾಗ ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದು, “ಸುದ್ದಿ ನಿಜವಲ್ಲವೆಂದು ತಿಳಿದ ಮೇಲೆ ಸೈನ್ಯವನ್ನು ಏಕೆ ಹಿಂದಕ್ಕೆ ಕರೆಸಲಿಲ್ಲ, ಸರ್?” ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಎಷ್ಟೋ ವರ್ಷ ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದ ಮೇಲೆ ನನಗೆ ತೋರಿದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಆ ಸೈನ್ಯವು ಕೈರೋ ನಗರದ ಬೀದಿಗಳಲ್ಲಿ ಎಲ್ಲರಿಗೂ ಕಾಣುವಂತೆ ಸಾಗಿತ್ತು. ವಿಶ್ವಸಂಸ್ಥೆಯ ಶಾಂತಿಪಡೆಯ ಮರೆಯಲ್ಲಿ ನಾಸೆರ್ ಅಡಗಿದ್ದಾರೆಂದು ಜೋರ್ಡಾನಿನ ಪ್ರಚಾರಕರು ಬಹುಕಾಲದಿಂದ ಹಂಗಿಸುತ್ತಿದ್ದರು. ಭಯದಿಂದ ಹೊರಟ ಸೈನ್ಯವನ್ನು ಈಗ ಮಾನವು ತಡೆದು ನಿಲ್ಲಿಸಿತು. ಈಜಿಪ್ಟಿನ ಸೇನೆಯ ದೊಡ್ಡ ಭಾಗವು ಯೆಮನ್ ದೇಶದ ಅಂತರ್ಯುದ್ಧದಲ್ಲಿ ಸಿಲುಕಿತ್ತು. ನಾಸೆರ್ ಯುದ್ಧವನ್ನೇ ಬಯಸಿದ್ದರೆಂದು ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ಸನ್ನಾಹದ ಒಂದು ಹೆಜ್ಜೆಯು ಮುಂದಿನ ಹೆಜ್ಜೆಯನ್ನು ಬೇಡಿತು.

ಮೇ 16ರಂದು ಶಾಂತಿಪಡೆಯು ಗಡಿಯಿಂದ ಸರಿಯಬೇಕೆಂಬ ಪತ್ರವು ಅದರ ದಂಡನಾಯಕರ ಕೈಸೇರಿತು. ಆ ದಂಡನಾಯಕರು ನಮ್ಮ ದೇಶದವರೇ ಆದ ಮೇಜರ್ ಜನರಲ್ ಇಂದರ್ ಜಿತ್ ರಿಖ್ಯೆ. ಮಹಾಕಾರ್ಯದರ್ಶಿ ಊ ಥಾಂಟ್, ಪಡೆಯನ್ನು ಇಸ್ರೇಲಿನ ನೆಲದಲ್ಲಾದರೂ ನಿಲ್ಲಿಸಬಹುದೇ ಎಂದು ವಿಚಾರಿಸಿದರು, ಇಸ್ರೇಲ್ ಒಪ್ಪಲಿಲ್ಲ. ನಡುವೆ ನಿಂತಿದ್ದವರು ಹೊರಡಬೇಕಾಯಿತು. ಮೇ 22ರಂದು ನಾಸೆರ್ ಇಸ್ರೇಲಿನ ಹಡಗುಗಳಿಗೆ ಟಿರಾನ್ ಜಲಸಂಧಿಯನ್ನು ಮುಚ್ಚಿರುವುದಾಗಿ ಸಾರಿದರು. ಮೇ 30ರಂದು, ಅದುವರೆಗೆ ಅವರ ಪ್ರತಿಸ್ಪರ್ಧಿಯಾಗಿದ್ದ ಜೋರ್ಡಾನಿನ ದೊರೆ ಹುಸೇನ್ ಕೈರೋಗೆ ಬಂದು ಒಪ್ಪಂದಕ್ಕೆ ಸಹಿ ಹಾಕಿದರು. ಅವರ ಸೇನೆಯೂ ಈಜಿಪ್ಟಿನ ಸೇನಾಧಿಕಾರಿಯೊಬ್ಬರ ಅಧೀನಕ್ಕೆ ಬಂದಿತು. ಜೂನ್ 4ರಂದು ಇರಾಕ್ ಕೂಡಿಕೊಂಡಿತು.

ಅತ್ತ ಇಸ್ರೇಲಿನಲ್ಲಿಯೂ ಭೀತಿಯು ಕಡಿಮೆಯಿರಲಿಲ್ಲ. ಮೀಸಲು ಸೈನಿಕರು ಗಡಿಗೆ ತೆರಳಿದ್ದರು. ಉದ್ಯಾನಗಳನ್ನು ಸಾಮೂಹಿಕ ಸಮಾಧಿಗಳಿಗಾಗಿ ಗೊತ್ತುಮಾಡಲಾಗಿತ್ತು. ಎರಡು ಕಡೆಯ ತಾಯಂದಿರೂ ಒಂದೇ ಬಗೆಯ ರಾತ್ರಿಗಳನ್ನು ಕಳೆಯುತ್ತಿದ್ದರು. ಜೂನ್ 5ರ ಬೆಳಿಗ್ಗೆ ಇಸ್ರೇಲಿನ ವಿಮಾನಗಳು ಈಜಿಪ್ಟಿನ ವಾಯುನೆಲೆಗಳ ಮೇಲೆ ಎರಗಿದವು. ಆರು ದಿನಗಳಲ್ಲಿ ಸಹಸ್ರಾರು ಜೀವಗಳು ಅಳಿದವು. ಲಕ್ಷಾಂತರ ಪ್ಯಾಲೆಸ್ಟೀನಿಯರು ನೆಲೆ ತಪ್ಪಿದರು. ಸೂಯೆಜ್ ಕಾಲುವೆಯು 1975ರವರೆಗೆ ಮುಚ್ಚಿತ್ತು. ಇನ್ನೂ ಹೊರಡದೆ ಗಾಜಾದಲ್ಲಿದ್ದ ಶಾಂತಿಪಡೆಯ ಹತ್ತಕ್ಕೂ ಹೆಚ್ಚು ಭಾರತೀಯ ಸೈನಿಕರೂ ಹತರಾದರು. ಯಾರ ಮೇಲೂ ವೈರವಿಲ್ಲದೆ ನಡುವೆ ನಿಂತವರು ಅವರು.

ಸ್ವರಕ್ಷಣೆಗಾಗಿ ಅನಿವಾರ್ಯವಾಗಿ ಒದಗುವ ವಿರೋಧಿ ಹಿಂಸೆಯನ್ನೂ ಸಂಕಲ್ಪಪೂರ್ವಕ ಹಿಂಸೆಯನ್ನೂ ನಮ್ಮ ಹಿರಿಯರು ಬೇರೆಬೇರೆಯಾಗಿ ತೂಗಿದ್ದಾರೆ. ಗೃಹಸ್ಥನಿಗೂ ರಾಜನಿಗೂ ರಕ್ಷಣೆಯ ಹೊಣೆಯುಂಟು. ಸನ್ನಾಹವನ್ನೆಲ್ಲ ಪಾಪವೆಂದು ಸಾರುವುದು ಸುಲಭವಾದರೂ ನ್ಯಾಯವಲ್ಲ. ಆದರೆ ‘ಅನಿವಾರ್ಯ’ ಎಂಬ ಮಾತಿಗೆ ಪರೀಕ್ಷೆ ಬೇಕು. ಭಯಕ್ಕೆ ಕಾರಣವಾದ ಸುದ್ದಿಯು ಸುಳ್ಳೆಂದು ತಿಳಿದ ಕ್ಷಣವೇ ಆ ಪರೀಕ್ಷೆಯ ಕ್ಷಣ. ಅಲ್ಲಿಂದ ಮುಂದೆ ಸೈನ್ಯವನ್ನು ನಿಲ್ಲಿಸಿಕೊಂಡಿರುವುದು ರಕ್ಷಣೆಗಾಗಿಯಲ್ಲ, ಮಾನಕಷಾಯದ ಪೋಷಣೆಗಾಗಿ.

ದಾಯಾದಿಗಳ ವ್ಯಾಜ್ಯಗಳಲ್ಲಿ, ಸಂಸ್ಥೆಗಳ ಆಡಳಿತದ ಕಲಹಗಳಲ್ಲಿ ನಾವು ಕಾಣುವುದೂ ಇದನ್ನೇ. ಯಾರೋ ತಂದ ಮಾತನ್ನು ನಂಬಿ ವಕೀಲರನ್ನು ಗೊತ್ತುಮಾಡುತ್ತೇವೆ. ಮಾತು ಸುಳ್ಳೆಂದು ತಿಳಿದ ಮೇಲೂ ಅರ್ಜಿಯನ್ನು ಹಿಂತೆಗೆದುಕೊಳ್ಳಲು ನಾಚುತ್ತೇವೆ. ಆದುದರಿಂದ ಸಿದ್ಧತೆಯನ್ನು ಮಾಡುವವನು ಅದನ್ನು ಸದ್ದಿಲ್ಲದೆ ಮಾಡಲಿ; ಹಿಂದಿರುಗಿದರೂ ಅವಮಾನವಾಗದಷ್ಟು ದೂರ ಮಾತ್ರ ಹೋಗಲಿ. ಎದುರಾಳಿಯು ಹಿಂದಿರುಗಿದಾಗ ಅವನನ್ನು ಹಂಗಿಸದಿರುವುದು ನಮ್ಮ ಪಾಲಿನ ಅಹಿಂಸೆ. ಫೌಜಿಯವರು ತಂದ ಸತ್ಯಕ್ಕೆ ಅಂದು ಕೈರೋದಲ್ಲಿ ಇಷ್ಟು ಅವಕಾಶ ದೊರೆತಿದ್ದರೆ ಎಷ್ಟೋ ಮನೆಗಳ ದೀಪಗಳು ಉಳಿಯುತ್ತಿದ್ದವು.