ಮುಖವಿಲ್ಲದ ಫೋಟೊಗಳು

ನನ್ನ ಗೆಳತಿಗೆ ಮನುಷ್ಯರ ಮುಖದ ಫೋಟೊ ತೆಗೆಯುವುದೆಂದರೆ ಅಷ್ಟಕ್ಕಷ್ಟೆ. ಶಾಲೆಯ ವಾರ್ಷಿಕೋತ್ಸವದ ದಿನ ನಾವೆಲ್ಲ ನೆರಿಗೆ ಸರಿಮಾಡಿಕೊಂಡು, ಮಲ್ಲಿಗೆ ಮುಡಿದು ಸಾಲಾಗಿ ನಿಂತಿದ್ದರೆ ಇವಳು ಕ್ಯಾಮೆರಾ ಹಿಡಿದುಕೊಂಡು ಬಂದು, ಬಾಗಿಲ ಹೊರಗೆ ರಾಶಿ ಬಿದ್ದ ನಮ್ಮ ಚಪ್ಪಲಿಗಳ ಫೋಟೊ ತೆಗೆದುಕೊಂಡು ಹೋಗುವಳು. "ಕ್ಯಾಮೆರಾ ಕಂಡ ತಕ್ಷಣ ಮುಖ ಸುಳ್ಳು ಹೇಳೋಕೆ ಶುರು ಮಾಡುತ್ತೆ ಕಣೇ. ಚಪ್ಪಲಿಗೆ ಇನ್ನೂ ಆ ಬುದ್ಧಿ ಬಂದಿಲ್ಲ" ಎನ್ನುವಳು. ನಮ್ಮ ಹೆಡ್‌ಮಿಸ್ಸಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಅವಳು ಡ್ರಾಯಿಂಗ್ ಟೀಚರ್, ನಾನು ಸಮಾಜ ವಿಜ್ಞಾನ. ಬಂಗಾರಪೇಟೆಯ ಶಾಲೆಗೆ ಅವಳು ಕೆ.ಜಿ.ಎಫ್.ನಿಂದ ಮಾರಿಕುಪ್ಪಂ ರೈಲಿನಲ್ಲಿ ಬರುತ್ತಿದ್ದಳು. ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಕೋಪ ಬಂದರೆ ಇಂಗ್ಲಿಷು. ಅವಳ ಅಪ್ಪ ನೆಲದೊಳಗೆ ಕೆಲಸ ಮಾಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು ಎಂದು ನಾನು ಪಾಠದಲ್ಲಿ ಹೇಳುವುದುಂಟು. ಹೇಳುವುದು ಸುಲಭ. ಇಳಿದವರ ಮನೆಯಲ್ಲಿ ಒಂದು ರಾತ್ರಿ ಮಲಗಿದರೆ ಆ ಕೆಮ್ಮು ಬೇರೆಯೇ ಪಾಠ ಹೇಳುತ್ತದೆ. ಚಿನ್ನವಿರುವ ಸ್ಫಟಿಕದ ಕಲ್ಲನ್ನು ಕೊರೆದಾಗ ಏಳುವ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಕಲ್ಲಾಗಿಸುವ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಅದು ವಾಸಿಯಾಗುವ ಕಾಯಿಲೆಯಲ್ಲ.

ಅವಳು ನೋಡಿದ ಮೊದಲ ನೆಗೆಟಿವ್ ಅಪ್ಪನ ಎಕ್ಸ್‌ರೇ. ಅಮ್ಮ ಅದನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದಾಗ ಆರೇಳು ವರ್ಷದ ಈ ಹುಡುಗಿ, ಕಪ್ಪಿನ ಮೇಲೆ ಬಿಳಿಯ ಚುಕ್ಕೆಗಳನ್ನು ಕಂಡು "ನಕ್ಷತ್ರ" ಅಂದಳಂತೆ. ಅಮ್ಮ ಬೆನ್ನಿಗೊಂದು ಗುದ್ದು ಕೊಟ್ಟು ಆಮೇಲೆ ಅತ್ತರಂತೆ. ಕಾಲೇಜಿಗೆ ಹೋಗುವಾಗ ಅಪ್ಪನೇ ಒಂದು ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಕೊಡಿಸಿದರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಒಂದು ತೆಗೆಯುವ ಮುಂಚೆ ಹತ್ತು ಸಲ ಯೋಚಿಸಬೇಕು. ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿ ತಾನೇ ತೊಳೆದು ಪ್ರಿಂಟು ಹಾಕುವಷ್ಟು ಕಲಿತಳು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು, 1902ರಲ್ಲಿ, ಕೆ.ಜಿ.ಎಫ್.ಗೆ ಬಂತಲ್ಲ, ಅದು ಗಣಿಗಾಗಿ ಅಲ್ಲವೇ ಅಲ್ಲ, ತನ್ನ ಕೆಂಪು ಬಲ್ಬಿಗಾಗಿ ಎಂದು ಜಂಬ ಕೊಚ್ಚುವಳು.

ಅವಳ ಇಷ್ಟದ ವಸ್ತುಗಳು ನಾಲ್ಕೈದೇ. ಲೈನ್ ಮನೆಗಳ ಬಾಗಿಲು: ಮೇಲೆ ಶಿಲುಬೆ, ಕೆಳಗೆ ರಂಗೋಲಿ, ನಡುವೆ ತಗಡು. ಶಾಫ್ಟಿನ ಮೇಲಿನ ದೊಡ್ಡ ಚಕ್ರ. ಒಗೆದು ಹಾಕಿದ ಬಟ್ಟೆಗಳ ಸಾಲು. ಸೈನೈಡ್ ದಿಣ್ಣೆ. ಅದಿರನ್ನು ಪುಡಿಮಾಡಿ, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು ಅವು. ಎಲ್ಲ ಸೇರಿ ಮೂರು ಕೋಟಿ ಟನ್ನಿಗೂ ಹೆಚ್ಚು. ಸಿನಿಮಾದವರಿಗೆ ಅಲ್ಲಿ ಹೊಡೆದಾಟ ಕಾಣುತ್ತದೆ. ಇವಳಿಗೆ ಮಳೆ ನೀರು ಕೊರೆದ ಗೆರೆಗಳು ಕಾಣುತ್ತಿದ್ದವು. "ಅಜ್ಜಿಯ ಕೈ ಇದ್ದ ಹಾಗಿದೆ ನೋಡು" ಎನ್ನುವಳು. ಕೊನೆಯದು ಕೈಗಳು. ಹೂ ಕಟ್ಟುವ ಕೈ, ಜಪಸರ ಎಣಿಸುವ ಕೈ, ಬಂಗಾರಪೇಟೆಯಲ್ಲಿ ಪಾನಿಪುರಿಗೆ ಆ ಬಿಳಿ ಪಾನಿ ತುಂಬುವ ಕೈ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗಲೂ ಅವಳು ತೆಗೆದದ್ದು ಗೇಟಿನ ಸರಳು ಹಿಡಿದು ನಿಂತವರ ಬೆರಳುಗಳನ್ನು.

2009ರಲ್ಲಿ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿ ಬರುವುದು ನಮ್ಮಿಬ್ಬರಿಗೆ ರೂಢಿಯಾಯಿತು. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಕೂಲಿಗಾಗಿ ಬೆಂಗಳೂರಿಗೆ ಓಡಾಡುವ ರೈಲು ಅದು, ನಿಲ್ಲಲು ಜಾಗವಿರುವುದಿಲ್ಲ. ಆದರೂ ಇವಳ ತಲೆಗೆ ಕಟ್ಟಿದ ಬಟ್ಟೆ ನೋಡಿ ಯಾರಾದರೂ ಎದ್ದು ಸೀಟು ಬಿಡುವರು. ಒಮ್ಮೆ ವಾಪಸು ಬರುವಾಗ ಕವರಿನಿಂದ ತನ್ನ ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿ, "ಎಕ್ಸ್‌ಪೋಷರ್ ಚೆನ್ನಾಗಿದೆ" ಎಂದಳು. ಎದುರಿಗೆ ಕೂತಿದ್ದ ಗಾರೆ ಕೆಲಸದವನು ನಕ್ಕ. ನನಗೆ ನಗು ಬರಲಿಲ್ಲ.

ಅವಳ ತಮ್ಮ ಆಗ ಒಬ್ಬ ಬೋಧಕರ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದ. ಆ ಬೋಧಕರು ಮನೆಗೆ ಬಂದು ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ, ನಂಬಿಕೆಯಿದ್ದರೆ ಔಷಧಿ ಬೇಕಿಲ್ಲ, ಔಷಧಿ ತೆಗೆದುಕೊಂಡರೆ ನಂಬಿಕೆಯಿಲ್ಲವೆಂದೇ ಅರ್ಥ ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕುದಿಯುತ್ತಿದ್ದೆ. ಅವಳು ಶಾಂತವಾಗಿ ಕೇಳಿದಳು, ಕಾಫಿ ಕೊಡಿಸಿದಳು. ಅವರು ಹೋದ ಮೇಲೆ ತಮ್ಮನಿಗೆ ಹೇಳಿದಳು: "ಅಪ್ಪ ಕೇಜಿಗೆ ಹತ್ತೋ ಮುಂಚೆ ದಿನಾ ಶಿಲುಬೆ ಗುರುತು ಹಾಕ್ಕೊಳ್ತಿದ್ದರು, ಗೊತ್ತಲ್ಲ? ಹಾಗಂತ ಹಗ್ಗ ಪರೀಕ್ಷೆ ಮಾಡೋರನ್ನ ಯಾರೂ ಕೆಲಸದಿಂದ ತೆಗೀಲಿಲ್ಲ." ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕೀಮೋ ಮುಗಿಸಿಯೇ ಬಿಟ್ಟಳು. ತಮ್ಮ ಕೆಲವು ತಿಂಗಳು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಹಾಗೆಂದು ಅವಳಿಗೆ ಭಕ್ತಿ ಕಡಿಮೆಯೆಂದು ತಿಳಿಯಬೇಡಿ. ಚರ್ಚಿನ ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸಲು ಬಂದ ದಿನ ಅವಳ ಅಮ್ಮ ಎದೆ ಬಡಿದುಕೊಂಡು ಅತ್ತರು. ಅವರ ಕಾಲದಲ್ಲಿ ಆ ಎಣ್ಣೆ ಬಂತೆಂದರೆ ಪ್ರಾಣ ಹೋಗುವ ಹೊತ್ತಾಯಿತೆಂದೇ ಲೆಕ್ಕ. ಹಳೆಯ ತಮಿಳು ಕ್ರೈಸ್ತರು ಅದಕ್ಕೆ 'ಅವಸ್ಥೆ ಪೂಸುದಲ್' ಎನ್ನುತ್ತಿದ್ದರು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಯ ನಂತರ ಅದು ಸಾಯುವವರಿಗೆ ಮಾತ್ರ ಮೀಸಲಲ್ಲ, ತೀವ್ರ ಕಾಯಿಲೆ ಬಿದ್ದ ಯಾರಿಗಾದರೂ ಉಂಟು ಎಂದಾಯಿತು. ಇಷ್ಟನ್ನೂ ಆ ಸ್ಥಿತಿಯಲ್ಲಿ ಅವಳೇ ಅಮ್ಮನಿಗೆ ಕೂರಿಸಿ ಹೇಳಬೇಕಾಯಿತು. ಹಣೆಗೂ ಅಂಗೈಗೂ ಎಣ್ಣೆ ಹಚ್ಚಿಸಿಕೊಂಡ ಮೇಲೆ ಅಂಗೈಯನ್ನೇ ತುಂಬ ಹೊತ್ತು ನೋಡುತ್ತಿದ್ದಳು. ಕ್ಯಾಮೆರಾ ಎಲ್ಲಿ ಎಂದು ಕೇಳುವಳೇನೋ ಎಂದುಕೊಂಡೆ. ಕೇಳಲಿಲ್ಲ.

ನಾನೂ ಸುಮ್ಮನೆ ಕೂತಿರಲಿಲ್ಲ. ಬಂಗಾರು ತಿರುಪತಿಯ ವೆಂಕಟರಮಣನಿಗೆ ಹರಕೆ ಹೊತ್ತಿದ್ದೆ. ಅಲ್ಲಿ ಸ್ವಾಮಿಯನ್ನು ಕಿಂಡಿಗಳಿರುವ ಕಿಟಕಿಯ ಮೂಲಕ ನೋಡಬೇಕು. ಪ್ರಸಾದ ಕೊಟ್ಟು ಹೀಗೆ ಹೀಗೆ ಎಂದಾಗ ಕಣ್ಣಿಗೆ ಒತ್ತಿಕೊಂಡು, "ನಿಮ್ಮ ದೇವರಿಗೆ ವ್ಯೂಫೈಂಡರ್ ಇದೆ, ಪರವಾಗಿಲ್ಲ" ಎಂದಳು. ಅವಳ ದೇವರಿಗೆ ನನ್ನ ಹರಕೆಯಿಂದ ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ಆಗ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದ ಕಥೆ ಹೇಳಿದಳು. ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಯೇಸು ಇರುವ ಮನೆಯ ಮುಂದೆ ಜನವೋ ಜನ. ಅವರು ಮಾಳಿಗೆ ಹತ್ತಿ, ಸೂರು ಕಿತ್ತು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸುತ್ತಾರೆ. ಯೇಸು ಮೆಚ್ಚಿದ್ದು ಹೊತ್ತು ತಂದವರ ನಂಬಿಕೆಯನ್ನು. ಮಲಗಿದ್ದವನು ನಂಬಿದ್ದನೋ ಇಲ್ಲವೋ, ಆ ಮಾತೇ ಕಥೆಯಲ್ಲಿಲ್ಲ. "ಕೀಮೋ ಆದ ಮೂರು ದಿನ ನನಗೆ ಪ್ರಾರ್ಥನೆ ಬಾಯಿಗೇ ಬರಲ್ಲ ಕಣೇ. ದೇವರೂ ಬೇಡ, ನೀರೂ ಬೇಡ. ಆವಾಗ ನೀವು ಯಾರಾದರೂ ಮಾಡ್ಕೊಳ್ಳಿ. ಸೂರು ಕೀಳೋದು ಕಷ್ಟವೇನಿಲ್ಲ, ನಮ್ಮ ಲೈನ್ ಮನೇಲಿ ಎರಡು ತಗಡು ಎತ್ತಿದರೆ ಆಯ್ತು."

ಬೋಧಕರ ಮಾತಿಗಿಂತ ಈ ಕಥೆ ನನಗೆ ಹೆಚ್ಚು ಹತ್ತಿರವಾಯಿತು. ಕಾಯಿಲೆಯವರ ತಲೆಯ ಮೇಲೆ ಕಾಯಿಲೆಯ ಜೊತೆಗೆ ನಂಬಿಕೆಯ ಪರೀಕ್ಷೆಯನ್ನೂ ಹೇರುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ; ಅವರು ಯಾವ ಧರ್ಮದವರಾದರೂ ಅಷ್ಟೆ.

ತಪಸ್ಸುಕಾಲದಲ್ಲಿ ಒಂದು ಶುಕ್ರವಾರ ಅವಳ ಜೊತೆ ಚರ್ಚಿಗೆ ಹೋದೆ. ಗೋಡೆಯ ಮೇಲೆ ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳು. ಆರನೆಯದರ ಮುಂದೆ ಅವಳು ಹೆಚ್ಚು ಹೊತ್ತು ನಿಂತಳು. ವೆರೋನಿಕಾ ಎಂಬ ಹೆಂಗಸು ಶಿಲುಬೆ ಹೊತ್ತ ಯೇಸುವಿನ ಬೆವರು, ರಕ್ತ ಒರೆಸುತ್ತಾಳೆ. ಬಟ್ಟೆಯ ಮೇಲೆ ಮುಖದ ಅಚ್ಚು ಮೂಡುತ್ತದೆ. ಫೋಟೊ ತೆಗೆಯುವವರಿಗೆಲ್ಲ ಇವಳೇ ಪಾಲಕಿ ಸಂತಳಂತೆ. ಮನೆಗೆ ಬಂದು, ಮೇಷ್ಟರ ಬುದ್ಧಿ ನೋಡಿ, ನಾಲ್ಕು ಸುವಾರ್ತೆಗಳನ್ನೂ ತಿರುವಿಹಾಕಿದೆ. ವೆರೋನಿಕಾ ಹೆಸರೇ ಇಲ್ಲ! ಮರುದಿನ ಸ್ಟಾಫ್‌ರೂಮಿನಲ್ಲಿ ಹೇಳಿದರೆ ಅವಳಿಗೆ ಅದು ಮೊದಲೇ ಗೊತ್ತಿತ್ತು. "ಮುಖ ಒರೆಸಿದವರ ಹೆಸರು ಯಾರು ಬರೆದಿಡ್ತಾರೆ? ಆಸ್ಪತ್ರೇಲಿ ನನಗೆ ವಾಂತಿ ಬೇಸಿನ್ ಹಿಡಿದ ಆಯಾ ಹೆಸರು ನಿನಗೆ ಗೊತ್ತಾ?" ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

2011ರಲ್ಲಿ ಕಾಯಿಲೆ ಬೆನ್ನುಮೂಳೆಗೆ ಬಂತು. ಮೆಟ್ಟಿಲು ಹತ್ತುವಂತಿಲ್ಲ, ರೈಲು ನಿಂತದ್ದು ಆಚೆಯ ಪ್ಲಾಟ್‌ಫಾರಮ್ಮಿನಲ್ಲಿ. ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ದಾಟಿಸಲು ಒಂದು ಮರದ ಕುರ್ಚಿ ತಂದೆವು. ಒಂದು ಕಡೆ ಪೋರ್ಟರು, ಇನ್ನೊಂದು ಕಡೆ ಸ್ಟೇಷನ್ನಿನಲ್ಲಿ ಚಹಾ ಮಾರುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿ, ಹಿಂದೆ ನಾನು ಮತ್ತು ಅವಳ ತಮ್ಮ. ನನಗೆ ಮೇಲುಸಿರು. ನಡುವಿನ ಮೆಟ್ಟಿಲಲ್ಲಿ ದಣಿವಾರಿಸಿಕೊಳ್ಳಲು ಕುರ್ಚಿಯನ್ನು ಹಿಡಿದ ಹಾಗೇ ಇಳಿಸಿದಾಗ ಎಲ್ಲಿಂದಲೋ ಕ್ಯಾಮೆರಾ ಹೊರಬಂತು. "ಕೈ ತೆಗೀಬೇಡಿ, ಹಾಗೇ ಇರಿ" ಎಂದು ಗದರಿ, ಬಗ್ಗಿ, ನೋವಿಗೆ ತುಟಿ ಕಚ್ಚಿಕೊಂಡು ಒಂದು ಚಿತ್ರ ತೆಗೆದಳು. ತಮ್ಮ ಅಳುತ್ತಿದ್ದ. ಅದು ಚಿತ್ರದಲ್ಲಿ ಬರಲಿಲ್ಲ, ಬರುವಂತೆ ಅವಳು ತೆಗೆಯಲೂ ಇಲ್ಲ.

2012ರ ಆರಂಭದಲ್ಲಿ ಅವಳು ತೀರಿಕೊಂಡಳು. ಆ ರೋಲನ್ನು ತೊಳೆಸಿ ಪ್ರಿಂಟು ಹಾಕಿಸಿದ್ದು ನಾನು. ನಾಲ್ಕು ಕೈಗಳು ಕುರ್ಚಿಯ ಮರವನ್ನು ಹಿಡಿದಿವೆ, ನನ್ನ ಗಾಜಿನ ಬಳೆಯೊಂದು ಅರ್ಧ ಒಡೆದಿದೆ. ಆ ಪೋರ್ಟರು ಸ್ಟೇಷನ್ನಿನಲ್ಲಿ ಸಿಕ್ಕಾಗಲೆಲ್ಲ "ಆ ಅಮ್ಮ ತೆಗೆದ ಫೋಟೊ ಏನಾಯ್ತು ಮೇಡಂ?" ಎಂದು ಕೇಳುತ್ತಿದ್ದ. ಅವನಿಗೂ ಒಂದು ಪ್ರತಿ ಹಾಕಿಸಿಕೊಟ್ಟೆ. ಅತ್ತಿತ್ತ ತಿರುಗಿಸಿ ನೋಡಿ, "ಇದರಲ್ಲಿ ನನ್ನದು ಯಾವುದು?" ಎಂದ. ಹೆಬ್ಬೆರಳ ಉಗುರು ಕಪ್ಪಾಗಿರುವ ಕೈಯನ್ನು ತೋರಿಸಿದೆ.