ಹೊಡೆಯದೆ ಒಳಗೆ ಬಿಡುವುದಿಲ್ಲ!

ಮೊನ್ನೆ ಶನಿವಾರ ರಾತ್ರಿ ಹತ್ತೂವರೆಗೆ ನಮ್ಮ ಮನೆ ಬೆಲ್ಲು ಬಾರಿಸಿತು. ಕೆಳಗಿನ ಮನೆಯ ಮರಾಠಿ ಹುಡುಗ. "ಕಾಕಾ, ಜಗಳ ಆಗ್ತಿದೆಯಾ?" ಅಂತ ಗಾಬರಿಯಿಂದ ಕೇಳಿದ. ಒಳಗೆ ಇಣುಕಿ ನೋಡಿದವನು ನಕ್ಕುಬಿಟ್ಟ. ಅರವತ್ತು ದಾಟಿದ ನಾಲ್ಕು ಜನ ಗಂಡಸರು, ಒಬ್ಬರಿಗೆ ಮಂಡಿನೋವು ಅಂತ ದಿವಾನದ ಮೇಲೆ, ಉಳಿದವರು ಚಾಪೆ ಮೇಲೆ, ನಡುವೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ. "ಬಾರಾ ಬೀಳ್ಲಿ, ಬಾರಾ!" ಅಂತ ಕೂಗಾಟ. ಹೌದು, ನಾವು ಚೌಕಾಬಾರ ಆಡುತ್ತಿದ್ದೆವು :-)

ಈ ಆಟವನ್ನು ನಾನು ಗೆಳೆಯರಿಗೆ ಯಾಕೆ ಅಂಟಿಸಿದೆ ಅನ್ನುವುದಕ್ಕೆ ಒಂದು ಕಥೆ ಇದೆ.

ಮಂಡ್ಯ ಕಡೆಯಿಂದ 1989ರಲ್ಲಿ ಡೊಂಬಿವಲಿಗೆ ಬಂದವನು ನಾನು. ಇಲ್ಲಿ ಸಿಕ್ಕಿದ ಗೆಳೆಯರನ್ನು ಇವತ್ತಿಗೂ ಊರಿನ ಹೆಸರಿನಿಂದಲೇ ಕರೆಯುವುದು: ಧಾರವಾಡದವರು, ಕುಂದಾಪುರದವರು, ತುಮಕೂರಿನವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಶನಿವಾರ ನಮ್ಮದು ರಮ್ಮಿ. ಚಿಲ್ಲರೆ ದುಡ್ಡಿನ ಆಟ, ಜೊತೆಗೆ ಚುರುಮುರಿ, ಚಹಾ. 2022ರ ಒಂದು ಶನಿವಾರ ಲೆಕ್ಕದಲ್ಲಿ ಆರುನೂರು ಚಿಲ್ಲರೆ ರೂಪಾಯಿ ವ್ಯತ್ಯಾಸ ಬಂತು. ಧಾರವಾಡದವರು ಏನೋ ಅಂದರು, ಕುಂದಾಪುರದವರು "ನಿಮ್ಮ ಬುದ್ಧಿಯೇ ಅಷ್ಟು" ಅಂದರು. ಅಲ್ಲಿಗೆ ಮುಗಿಯಿತು. ಶನಿವಾರವೂ ಮುಗಿಯಿತು.

ಮುಂದಿನ ವರ್ಷ ಧಾರವಾಡದವರ ಮಗಳ ಮದುವೆಗೆ ಕುಂದಾಪುರದವರು ಬಂದರು. ಮುಯ್ಯಿ ಕವರು ಕೊಟ್ಟು, ಊಟ ಮಾಡದೆ ಹೊರಟುಹೋದರು. ಪಂಕ್ತಿಯಲ್ಲಿ ನನ್ನ ಪಕ್ಕ ಅವರಿಗೆ ಹಿಡಿದಿಟ್ಟ ಎಲೆ ಖಾಲಿಯೇ ಉಳಿಯಿತು. ನನಗೆ ಆ ಎಲೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮತ್ತೆ ಕೂಡಿಸಬೇಕು, ಆದರೆ ಇಸ್ಪೀಟಿನ ಹೆಸರೆತ್ತುವ ಹಾಗಿಲ್ಲ. ಚದುರಂಗ ಇಬ್ಬರ ಆಟ. ಕೇರಂನಲ್ಲಿ ಕುಂದಾಪುರದವರ ಮುಂದೆ ನಾವು ಯಾರೂ ನಿಲ್ಲುವುದಿಲ್ಲ. ಅಕ್ಕನ ಮಗ ಕಟಾನ್ ತಂದಿದ್ದ. 1995ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆಟ, ಕುರಿ ಕೊಟ್ಟು ಕಟ್ಟಿಗೆ ತಗೊಂಡು ಊರು ಕಟ್ಟುವುದು. ಒಳ್ಳೆಯ ಆಟವೇ, ಸುಳ್ಳು ಹೇಳಬಾರದು. ಆದರೆ ನಿಯಮ ವಿವರಿಸುವಷ್ಟರಲ್ಲಿ ತುಮಕೂರಿನವರು ತೂಕಡಿಸುತ್ತಿದ್ದರು. ಆಗ ನಮ್ಮ ಮನೆಯವಳು ಅಡುಗೆಮನೆಯಿಂದಲೇ, "ಚೌಕಾಬಾರ ಹಾಕ್ಕೊಂಡು ಕೂತ್ಕೊಬಾರ್ದಾ?" ಅಂದಳು. ಅವಳು ಮೈಸೂರಿನವಳು. ಬೋರ್ಡ್ ಆಟಗಳ ಹುಚ್ಚಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನ ಹೆಮ್ಮೆ ಅವಳಿಗೆ!

ಒಬ್ಬೊಬ್ಬರಿಗೇ ಫೋನು ಮಾಡಿದೆ. ಧಾರವಾಡದವರು, "ಏನ್ರೀ, ಅದು ಹೆಣ್ಮಕ್ಕಳ ಆಟ ಅಲ್ಲೇನ್ರೀ?" ಅಂದರು. ತುಮಕೂರಿನವರು, "ಲೂಡೋ ತಾನೆ?" ಅಂದರು. ಅಲ್ಲ ಸ್ವಾಮಿ. ಲೂಡೋ ನಮ್ಮ ಪಚ್ಚೀಸಿಯಿಂದ ಹುಟ್ಟಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು. ಅದರಲ್ಲಿ ಆರು ಬೀಳುವವರೆಗೆ ಬಾಯಿಬಿಟ್ಟು ಕೂರಬೇಕು. ಇಲ್ಲಿ ಮೊದಲ ಗರದಿಂದಲೇ ಕಾಯಿ ನಡೆಯುತ್ತದೆ.

ಮರೆತವರಿಗಾಗಿ ನಮ್ಮ ಮನೆಯ ನಿಯಮ ಹೇಳಿಬಿಡುತ್ತೇನೆ. ಐದು ಇಂಟು ಐದು ಮನೆ. ನಾಲ್ಕು ಬದಿಯ ನಡುಮನೆಗೂ, ಮಧ್ಯದ ಮನೆಗೂ ಅಡ್ಡಗೀಟು. ಅವು ಕಟ್ಟೆ, ಅಲ್ಲಿ ಹೊಡೆಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ತಗೊಂಡು ಒಂದು ಮಗ್ಗುಲು ಕಲ್ಲಿಗೆ ತೇಯ್ದರೆ ಬೆಳ್ಳಗಾಗುತ್ತದೆ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಹೆಜ್ಜೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರಾ, ಎಂಟು. ಎರಡಕ್ಕೂ ಇನ್ನೊಂದು ಗರ. ಹೊರಸುತ್ತು ಎಡಕ್ಕೆ ತಿರುಗಿದರೆ ಒಳಸುತ್ತು ಬಲಕ್ಕೆ. ಹಣ್ಣಾಗಲು ಒಟ್ಟು 24 ಹೆಜ್ಜೆ.

ತುಮಕೂರಿನವರು ಬ್ಯಾಂಕಿನಲ್ಲಿದ್ದವರು, ಕೂತಲ್ಲೇ ಲೆಕ್ಕ ಹಾಕಿದರು. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ಸಲ, ಒಂದು ಮತ್ತು ಮೂರು ನಾಲ್ಕು ನಾಲ್ಕು ಸಲ, ಚೌಕ ಒಂದು, ಬಾರಾ ಒಂದು. ಬೀಜ ಸಮನಾಗಿ ತೇಯ್ದಿದ್ದರೆ ಮಾತ್ರ ಅನ್ನಿ. ಅಂದರೆ ಶತ್ರುವಿನಿಂದ ಎರಡು ಮನೆ ಮುಂದೆ ನಿಂತ ಕಾಯಿಗೇ ಹೆಚ್ಚು ಅಪಾಯ. ಬರೀ ಅದೃಷ್ಟದ ಆಟ ಅಂದವರಿಗೆ ಇದೇ ಉತ್ತರ. ಗರ ನಮ್ಮ ಕೈಯಲ್ಲಿಲ್ಲ, ಆದರೆ ಯಾವ ಕಾಯಿ ನಡೆಸಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ನಿಯಮವಿದೆ, ನನಗೆ ಬಹಳ ಇಷ್ಟವಾದದ್ದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ನಿಮ್ಮ ಯಾವ ಕಾಯಿಯೂ ಒಳಸುತ್ತಿಗೆ ಹೋಗುವ ಹಾಗಿಲ್ಲ. ಒಳ್ಳೆಯವನಾಗಿ ಸುಮ್ಮನೆ ಸುತ್ತುತ್ತಿದ್ದರೆ ಬಾಗಿಲಲ್ಲೇ ನಿಂತಿರಬೇಕು.

2024ರಲ್ಲಿ ಮೊದಲ ಶನಿವಾರ ಇಬ್ಬರೂ ಬಂದರು. ಒಬ್ಬರು ಬರುವುದು ಇನ್ನೊಬ್ಬರಿಗೆ ನಾನು ಹೇಳಿರಲಿಲ್ಲ (ಬೈಸಿಕೊಂಡೆ). ಮುಖ ಕೊಟ್ಟು ಮಾತಿಲ್ಲ. "ಅವ್ರಿಗೆ ಗರ ಹಾಕ್ಲಿಕ್ಕೆ ಹೇಳಿ" ಅಂತ ನನ್ನ ಮೂಲಕ ವ್ಯವಹಾರ. ಆಟ ಮುಕ್ಕಾಲು ಗಂಟೆ ನಡೆದಿರಬೇಕು. ಧಾರವಾಡದವರು ಇನ್ನೂ ಒಂದು ಕಾಯಿಯನ್ನೂ ಹೊಡೆದಿರಲಿಲ್ಲ. ಅವರದೊಂದು ಕಾಯಿ ಬಾಗಿಲಲ್ಲೇ ನಿಂತಿತ್ತು. ಕುಂದಾಪುರದವರ ಕಾಯಿ ಹೊರಸುತ್ತಿನ ಕೊನೆಯ ಮನೆಯಲ್ಲಿ, ಹಣ್ಣಾಗಲು ಇನ್ನು ಒಂಬತ್ತೇ ಹೆಜ್ಜೆ. ಧಾರವಾಡದವರ ಇನ್ನೊಂದು ಕಾಯಿ ಅದರ ಹಿಂದೆ ಎರಡು ಮನೆಯಲ್ಲಿ.

ಎರಡು ಬಿತ್ತು.

ಧಾರವಾಡದವರು ಬೀಜ ನೋಡಿದರು, ಕಾಯಿ ನೋಡಿದರು, ಸುಮ್ಮನೆ ಮತ್ತೊಂದು ಕಾಯಿ ಮುಟ್ಟಲು ಕೈ ಚಾಚಿದರು. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಕುಂದಾಪುರದವರೇ, "ಹೊಡೀರಿ ಮಾರಾಯ್ರೆ! ನಂಗೆ ಧರ್ಮ ಮಾಡುದು ಬೇಡ" ಅಂತ ಗುಡುಗಿದರು. ಎರಡು ವರ್ಷದಲ್ಲಿ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಹೊಡೆದರು. ಹೊಡೆದದ್ದಕ್ಕೆ ಇನ್ನೊಂದು ಗರ, ಅದಕ್ಕೆ ಬಾರಾ ಬಿತ್ತು! "ಇದ್ಯಾವ ನ್ಯಾಯ!" ಅಂತ ಕುಂದಾಪುರದವರು ತಲೆ ಚಚ್ಚಿಕೊಂಡರು. ಧಾರವಾಡದವರು, "ನೀವಽ ಹೇಳಿದ್ರಲ್ರೀ ಹೊಡಿ ಅಂತ" ಅಂದು ನಕ್ಕರು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಆ ಆರುನೂರರ ಮಾತನ್ನು ಯಾರೂ ಎತ್ತಿಲ್ಲ, ಯಾರೂ ತಪ್ಪಾಯಿತು ಅಂದಿಲ್ಲ. ಆದರೆ ಅವತ್ತು ಆಟ ಮುಗಿದ ಮೇಲೆ ಚಿತ್ರಾನ್ನ ಬಡಿಸಿದಾಗ ಕುಂದಾಪುರದವರು ಎದ್ದು ಹೋಗಲಿಲ್ಲ. ಧಾರವಾಡದವರ ಪಕ್ಕದಲ್ಲೇ ಕೂತು ಎರಡು ಸಲ ಹಾಕಿಸಿಕೊಂಡರು. ನನಗೆ ಅಷ್ಟು ಸಾಕು.

ನಿಮ್ಮ ಊರಿನಲ್ಲೂ ಇಂಥದೊಂದು ನಿಂತುಹೋದ ಶನಿವಾರ ಇದ್ದರೆ, ನಾಲ್ಕು ಹುಣಸೆಬೀಜ ತೇಯ್ದಿಡಿ. ಹೈದರಾಬಾದಿನಲ್ಲಿದ್ದರೆ ಅಕ್ಕಪಕ್ಕದವರಿಗೆ ಅಷ್ಟಾ ಚಮ್ಮಾ ಅನ್ನಿ, ತಕ್ಷಣ ಗೊತ್ತಾಗುತ್ತದೆ. ಖರ್ಚು ಸೊನ್ನೆ. ಕಾಯಿಗೆ ಅಂಗಿ ಗುಂಡಿ, ಬಳೆಚೂರು, ಕಡಲೆಕಾಳು, ಏನಾದರೂ ನಡೆಯುತ್ತದೆ. ಒಂದೇ ಎಚ್ಚರಿಕೆ, ದುಡ್ಡು ಕಟ್ಟಬೇಡಿ. ಮತ್ತೆ ಕೆಳಗಿನ ಮನೆಯವರಿಗೆ ಮೊದಲೇ ಹೇಳಿಡಿ!